ಶಿಖರಜಿಗೆ ಹೋಗದ ತಾರಾಬಾಯಿ

ಬೆಳಗಾವಿಯ ಖಾಸಬಾಗದ ಆ ಓಣಿಯಲ್ಲಿ ತಾರಾಬಾಯಿಯ ರೊಟ್ಟಿಗೆ ಹೆಸರಿತ್ತು. ಏಳೆಂಟು ವರ್ಷಗಳಲ್ಲಿ ಆ ರೊಟ್ಟಿ ದೊಡ್ಡದಾಗುತ್ತ ಹೋಗಿ, ಕೊನೆಗೆ ಹಂಚಿನ ಅಂಚನ್ನೂ ಮೀರಿ ಹೊರಗೆ ಇಣುಕತೊಡಗಿತು. ಊಟಕ್ಕೆ ನಾಲ್ಕು ತಿನ್ನುತ್ತಿದ್ದ ಗಂಡ ಭೀಮಗೊಂಡ ಮೂರಕ್ಕೆ ಇಳಿದ, ಆಮೇಲೆ ಎರಡಕ್ಕೆ. ಮಗ ಸುಯಶ, ನಮ್ಮವ್ವನ ರೊಟ್ಟಿ ಒಂದು ತಿಂದರೆ ಸಂಜೆಯವರೆಗೆ ಚಿಂತೆಯಿಲ್ಲ ಎಂದು ಉದ್ಯಮಬಾಗದ ಕಾರ್ಖಾನೆಯ ಗೆಳೆಯರ ಮುಂದೆ ಜಂಬ ಕೊಚ್ಚಿಕೊಂಡ. ಮಗಳು ಸ್ನೇಹಲ ಡಬ್ಬಿಗೆ ಹಿಡಿಯದ ರೊಟ್ಟಿಯನ್ನು ನಾಲ್ಕಾಗಿ ಮಡಿಚಿ, ಕ್ಯಾಂಪ್ ಭಾಗದಲ್ಲಿ ತಾನು ಪಾಠ ಹೇಳುವ ಶಾಲೆಗೆ ಒಯ್ದಳು. ರೊಟ್ಟಿ ದೊಡ್ಡದಾದ ಸುದ್ದಿ ಎಲ್ಲರ ಬಾಯಲ್ಲೂ ಇತ್ತು. ಅದನ್ನು ಬಡಿಯುವ ಅಂಗೈಯ ಸುದ್ದಿ ಮಾತ್ರ ಯಾರ ಬಾಯಲ್ಲೂ ಇರಲಿಲ್ಲ.

ಕಂಡಿರಲಿಲ್ಲ ಎಂದೇನಲ್ಲ. ಕಂಡಿತ್ತು, ಅದಕ್ಕೇ ಯಾರೂ ಮಾತೆತ್ತುತ್ತಿರಲಿಲ್ಲ. ತಾರಾಬಾಯಿಯ ಮೂಗು ಅಗಲವಾಗಿತ್ತು, ದವಡೆ ಮುಂದೆ ಬಂದು ಹಲ್ಲುಗಳ ನಡುವೆ ಸಂದು ಬಿದ್ದಿತ್ತು. ಕಾಲುಂಗುರ ಬಿಗಿದು ಅಕ್ಕಸಾಲಿಗ ಕತ್ತರಿಸಿ ತೆಗೆಯಬೇಕಾಯಿತು. ಹೆಂಗಸರ ಚಪ್ಪಲಿ ಹಿಡಿಯದೆ ಅವಳು ಸುಯಶನ ಹಳೆಯ ಚಪ್ಪಲಿ ಮೆಟ್ಟುತ್ತಿದ್ದಳು. ದನಿ ದಪ್ಪಗಾಗಿ, ಫೋನೆತ್ತಿದರೆ ಆ ಕಡೆಯವರು "ಕಾಕಾ, ಮನ್ಯಾಗ ತಾರಾಬಾಯಾರು ಅದಾರೇನ್ರಿ?" ಎಂದು ಕೇಳುತ್ತಿದ್ದರು. ಆಕೆ "ಹಿಡೀರಿ, ಕೊಡ್ತೀನಿ" ಎಂದು ಹೇಳಿ ಫೋನನ್ನು ಮಗಳ ಕೈಗೆ ಕೊಟ್ಟುಬಿಡುತ್ತಿದ್ದಳು.

ಭೀಮಗೊಂಡನ ತಂಗಿ ಗಂಗಾದೇವಿ ಪಕ್ಕದ ಓಣಿಯವಳು. ಮುಟ್ಟು ನಿಂತ ಹೆಂಗಸರ ಮೈ ಹೀಗೇ, ಯಾರ ಕೈಯಲ್ಲಿದೆ ಎಂದು ಆಕೆ ತೀರ್ಪು ಕೊಟ್ಟಿದ್ದಳು. ಮಾಳಿಗೆಯ ಮೆಟ್ಟಿಲು ಹತ್ತಿದರೆ ಏದುಸಿರು, ಚಳಿಗಾಲದಲ್ಲೂ ಬೆವರು, ಗೋಡೆ ದಾಟಿ ಬರುವ ಗೊರಕೆ. ಎಲ್ಲಕ್ಕೂ ಅದೇ ತೀರ್ಪು. ರಕ್ತದೊತ್ತಡದ ಗುಳಿಗೆಯಂತೂ ಆರು ವರ್ಷದಿಂದ ನಡೆದಿತ್ತು. ಆದರೆ ದವಾಖಾನೆಯ ಬೆಂಚಿನ ಮೇಲೆ ಕೂತರೆ ಮಂದಿ ತಿರುಗಿ ತಿರುಗಿ ನೋಡುತ್ತಾರೆಂದು ತಾರಾಬಾಯಿ ಹೋಗುತ್ತಿರಲಿಲ್ಲ. ಪಾತ್ರೆಯ ಅಂಗಡಿಗೆ ಹೋಗುವ ದಾರಿಯಲ್ಲಿ ಭೀಮಗೊಂಡನೇ ಡಾಕ್ಟರ ಹತ್ತಿರ ನಿಂತು ಹೆಂಡತಿಯ ಕಾಯಿಲೆ ಹೇಳಿ ಗುಳಿಗೆ ತರುತ್ತಿದ್ದ. ಒಮ್ಮೆ ಅವರನ್ನೇ ಕರೆದುಕೊಂಡು ಬನ್ನಿ ಎಂದು ಡಾಕ್ಟರು ಪ್ರತಿ ಸಲ ಹೇಳುತ್ತಿದ್ದರು. ಭೀಮಗೊಂಡ ಪ್ರತಿ ಸಲ ಹೂಂ ಎನ್ನುತ್ತಿದ್ದ.

ಕಾರ್ತಿಕದಲ್ಲಿ ಸ್ನೇಹಲಳಿಗೆ ಖಾನಾಪುರದ ಸಂಬಂಧ ಬಂತು. ಹುಡುಗ ಚೇತನ ಬೆಳಗಾವಿಯಲ್ಲೇ ಕೆಲಸಕ್ಕಿದ್ದ. ತಂದೆಗೆ ಖಾನಾಪುರದ ಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿ, ತಾಯಿ ಪದ್ಮಶ್ರೀಬಾಯಿ ಬಲು ಧರ್ಮದ ಹೆಂಗಸು ಎಂದು ಹೆಸರು. ಇಪ್ಪತ್ತೇಳಕ್ಕೆ ಕಾಲಿಟ್ಟ ಹುಡುಗಿಗೆ ಇಂಥದ್ದು ಮತ್ತೆ ಸಿಗುವುದು ಕಷ್ಟ ಎಂದು ಗಂಗಾದೇವಿ ಹೇಳಿದಳು. ಅದು ಸ್ನೇಹಲಳಿಗೂ ಗೊತ್ತಿತ್ತು. ಅವರಿಗೆ ಕಳಿಸಿದ ಮನೆಮಂದಿಯ ಫೋಟೋ ಒಂಬತ್ತು ವರ್ಷ ಹಳೆಯದು.

ನಾಳೆ ನೋಡಲು ಬರುತ್ತಾರೆಂದರೆ ಇವತ್ತು, ಹೊತ್ತು ಮುಳುಗುವ ಮೊದಲಿನ ಊಟಕ್ಕೆ ಗಂಗಾದೇವಿಯೂ ಸೇರಿ ಎಲ್ಲರೂ ಕೂತಿದ್ದಾಗ ಸ್ನೇಹಲ ತಾಟಿನಿಂದ ತಲೆ ಎತ್ತದೆ ಹೇಳಿದಳು.

"ಅವ್ವಾ, ನಾಳೆ ನೀ ಮುಂದ ಬರಬ್ಯಾಡ."

ಯಾರೂ ಯಾಕೆ ಎಂದು ಕೇಳಲಿಲ್ಲ. ಕೇಳದಿದ್ದರೂ ಸ್ನೇಹಲ ಹೇಳಿದಳು, ಹುಟ್ಟುವ ಮಕ್ಕಳೂ ಹೀಗೇ ಆದರೆ ಅಂತ ಅವರು ಅನ್ನುತ್ತಾರೆ ಎಂದು. ತಾರಾಬಾಯಿ ಮಗನ ತಾಟಿಗೆ ಪಲ್ಯ ಬಡಿಸುತ್ತಿದ್ದಳು, ಕೈ ನಿಲ್ಲಲಿಲ್ಲ. ಹಾಗಾದರೆ ತಾಯಿ ಎಲ್ಲಿ ಎಂದು ಕೇಳಿದರೆ ಏನು ಹೇಳುವುದು ಎಂಬ ಪ್ರಶ್ನೆ ಬಂತು. ತವರಿಗೆ ಹೋಗಿದ್ದಾಳೆ ಅನ್ನಿ ಎಂದು ತಾರಾಬಾಯಿಯೇ ಸೂಚಿಸಿದಳು. ತವರು ಖಾನಾಪುರದ ಬಾಜೂ ಹಳ್ಳಿ. ಬರುವವರೂ ಅಲ್ಲಿಯವರೇ, ಸಿಕ್ಕಿಬೀಳುವ ಸುಳ್ಳು. ಆಗ ಗಂಗಾದೇವಿಗೆ ಹೊಳೆಯಿತು. ಆ ವಾರವೇ ಖಾಸಬಾಗದ ಒಂದು ಗುಂಪು ಜೈನರ ದೊಡ್ಡ ತೀರ್ಥವಾದ ಝಾರ್ಖಂಡದ ಸಮ್ಮೇದ ಶಿಖರಜಿ ಯಾತ್ರೆಗೆ ಹೊರಟಿತ್ತು. ತಾರಾಬಾಯಿಯೂ ಅವರ ಕೂಡ ಹೋಗಿದ್ದಾಳೆ ಎಂದರಾಯಿತು. ಹೋಗಿಬರಲು ಹದಿನೈದು ದಿನ, ಮೇಲೆ ಪುಣ್ಯದ ಮಾತು, ಯಾರೂ ಕೆದಕಿ ಕೇಳುವುದಿಲ್ಲ.

"ಶಿಖರಜಿ ಬ್ಯಾಡ್ರಿ," ಎಂದಳು ತಾರಾಬಾಯಿ. "ಬ್ಯಾರೆ ಏನರೆ ಹೇಳ್ರಿ."

ಬೇರೆ ಏನೂ ಯಾರಿಗೂ ಹೊಳೆಯಲಿಲ್ಲ. ಬಡಿಸುವುದು ಮುಗಿಯಿತು, ಮಾತೂ ಮುಗಿಯಿತು.

ಮರುದಿನ ನಸುಕಿಗೆ ಎದ್ದು ತಾರಾಬಾಯಿ ಹೋಳಿಗೆ ಮಾಡಿದಳು, ಕಟ್ಟಿನ ಸಾರು ಮಾಡಿದಳು, ಅಂಗಳ ಗುಡಿಸಿ ರಂಗೋಲಿ ಹಾಕಿದಳು. ಹತ್ತೂವರೆಗೆ ಅಡಿಗೆಮನೆಯ ಬಾಜೂ ಜೋಳದ ಚೀಲವಿಡುವ ಕೋಣೆಗೆ ಹೋಗಿ ಮಣೆ ಹಾಕಿಕೊಂಡು ಕೂತಳು. ಸ್ನೇಹಲ ಹೊರಗಿನಿಂದ ಚಿಲಕ ಹಾಕಿದಳು. ಚಿಲಕ ಹಾಕುವ ಕಾರಣವಿರಲಿಲ್ಲ, ಅವ್ವ ಹೊರಗೆ ಬರುವವಳಲ್ಲ. ಆದರೂ ಹಾಕಿದಳು.

ಬಂದವರು ಎರಡು ತಾಸು ಇದ್ದರು. ಪದ್ಮಶ್ರೀಬಾಯಿ ಹೋಳಿಗೆ ಮುರಿಯುತ್ತ ಇದನ್ನು ಯಾರು ಮಾಡಿದರೆಂದು ಕೇಳಿದಾಗ ಗಂಗಾದೇವಿ ತಾನೇ ಎಂದಳು. ತಾಯಿ ಶಿಖರಜಿಗೆ ಹೋಗಿದ್ದಾಳೆ ಎಂದಾಗ ಪದ್ಮಶ್ರೀಬಾಯಿ ತುತ್ತು ಕೆಳಗಿಟ್ಟು ಕೈ ಮುಗಿದರು. ಹತ್ತಿ ಇಳಿಯಲು ಇಪ್ಪತ್ತೇಳು ಕಿಲೋಮೀಟರಾಗುವ ಆ ಬೆಟ್ಟವನ್ನು ಡೋಲಿಯಲ್ಲಿ ಹತ್ತುತ್ತಾರೋ, ನಡೆದೋ ಎಂದು ವಿಚಾರಿಸಿದರು. ನಡೆದೇ, ಎಂದಳು ಗಂಗಾದೇವಿ.

"ನನ್ನ ಮೊಣಕಾಲಿಗೆ ಆ ಯೋಗ ಇಲ್ಲ ನೋಡ್ರಿ," ಎಂದರು ಪದ್ಮಶ್ರೀಬಾಯಿ. "ಸಾಖರಪುಡಾದ ದಿನ ಆ ಪುಣ್ಯಾತಗಿತ್ತಿ ಕಾಲಿಗೆ ಬಿದ್ದು ನಾನ ಉಡಿ ತುಂಬತೀನಿ."

ಕೈ ತೊಳೆಯಲು ಒಳಗೆ ಬಂದ ಪದ್ಮಶ್ರೀಬಾಯಿ ಕೋಣೆಯ ಬಾಗಿಲ ಹತ್ತಿರ ಒಂದು ಕ್ಷಣ ನಿಂತರು. ಒಳಗಿನಿಂದ ಯಾರೋ ಗಂಡಸರು ಕಷ್ಟಪಟ್ಟು ಉಸಿರೆಳೆಯುವ ಸದ್ದು. ಬಾಜೂ ಮನೆಯ ಮುದುಕರು, ದಮ್ಮಿನ ಕಾಯಿಲೆ ಎಂದು ಸ್ನೇಹಲ ತಾನೇ ಹೇಳಿದಳು. ನಾಲಿಗೆ ತಡವರಿಸಲಿಲ್ಲ. ಅದನ್ನು ನೆನೆದಾಗಲೆಲ್ಲ ಆಮೇಲೆ ಅವಳಿಗೆ ತನ್ನ ಮೇಲೆ ಅಸಹ್ಯವಾಗುತ್ತಿತ್ತು.

ಅವರು ಹೋದ ಮೇಲೆ ಚಿಲಕ ತೆಗೆದರೆ ತಾರಾಬಾಯಿ ಬೆವರಿನಲ್ಲಿ ತೊಯ್ದು ಗೋಡೆಗೆ ಒರಗಿದ್ದಳು. "ಹುಡುಗ ಚಲೋ ಅದಾನ," ಎಂದಳು. "ದನಿ ಕೇಳಿದೆ."

ಸಾಖರಪುಡಾ, ಅಂದರೆ ನಿಶ್ಚಿತಾರ್ಥ, ಜನವರಿಯ ಕೊನೆಗೆಂದು ಗೊತ್ತಾಯಿತು, ಮದುವೆ ವೈಶಾಖಕ್ಕೆ. ಸಾಖರಪುಡಾಕ್ಕೆ ಮುಂಚೆ ಮನೆಯ ಹೆಂಗಸರೆಲ್ಲ ಹಸಿರು ಬಳೆ ತೊಡಬೇಕು. ಬಳೆಗಾರ್ತಿ ಅಕ್ಕವ್ವ ತನ್ನ ಪೆಟ್ಟಿಗೆ ಹೊತ್ತು ಬಂದಳು. ಸ್ನೇಹಲಳಿಗೆ ಆಯಿತು, ಗಂಗಾದೇವಿಗೆ ಆಯಿತು. ತಾರಾಬಾಯಿ ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಕೈಯನ್ನಷ್ಟೇ ಹೊರಗೆ ಚಾಚಿದಳು. ಅಕ್ಕವ್ವ ಆ ಕೈ ನೋಡಿದಳು, ಪೆಟ್ಟಿಗೆ ನೋಡಿದಳು. ಇದ್ದುದರಲ್ಲಿ ದೊಡ್ಡ ಅಳತೆಯ ಬಳೆ ತೆಗೆದು, ಸಾಬೂನು ನೀರು ಹಚ್ಚಿ, ಗೆಣ್ಣು ಹಿಂಡಿ ದೂಡಿದಳು. ಮೊದಲನೆಯದು ಒಡೆಯಿತು. ಎರಡನೆಯದು ಒಡೆದು ಚರ್ಮಕ್ಕೆ ಚುಚ್ಚಿ ರಕ್ತ ಬಂತು. ಸ್ನೇಹಲ ಅರಿಷಿಣ ತರಲು ಎದ್ದಳು. ಅಕ್ಕವ್ವ ಮಾತ್ರ ಕೈ ಬಿಡಲಿಲ್ಲ. ಹೆಬ್ಬೆಟ್ಟನ್ನು ನಾಡಿಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು.

"ಈ ಮನಿಗಿ ಸೊಸಿ ಆಗಿ ಬಂದಾಗ ನಾನ ಬಳಿ ಇಟ್ಟೀನಿ ಇಕಿಗೆ," ಎಂದಳು. "ಎಲ್ಲಾಕ್ಕಿಂತ ಸಣ್ಣ ಅಳತಿ ಆಗ. ಹತ್ತ ವರ್ಷದಾಗ ನಾಕ ಅಳತಿ ಏರೈತಿ."

ವಯಸ್ಸಾದ ಮೇಲೆ ಮೈ ಬರುವುದಿಲ್ಲವೇ ಎಂದಳು ಗಂಗಾದೇವಿ.

"ಮೈ ಬಂದ್ರ ಮಣಿಕಟ್ಟಿಗೆ ಬರತದ. ಹಿಂಡಿ ದೂಡಿದ್ರ ಬಳಿ ದಾಟತದ. ಇದು ಮಾಂಸ ಅಲ್ಲ, ಗೆಣ್ಣು. ಎಲುಬು ಬೆಳದೈತಿ. ಮಕ್ಕಳ ಕೈ ಬೆಳೀತಾವು. ಮದವಿಗೆ ಬಂದ ಮಕ್ಕಳಿರೋ ಹೆಂಗಸಿನ ಎಲುಬು ಬೆಳದದ್ದು ನಾ ನಲವತ್ತ ವರ್ಷದಾಗ ನೋಡಿಲ್ಲ. ನಾಡಿ ನೋಡ್ರಿ ಹ್ಯಾಂಗ ಕುಣೀತೈತಿ. ಯಾರೂ ಈಕಿ ಕೈ ಹಿಡದ ನೋಡೇ ಇಲ್ಲೇನು?"

ಒಡೆದ ಬಳೆಯ ದುಡ್ಡು ಬೇಡವೆಂದು ಹೇಳಿ ಅಕ್ಕವ್ವ ಪೆಟ್ಟಿಗೆ ಎತ್ತಿದಳು.

ಮರುದಿನವೇ ಸುಯಶ ರಜೆ ಹಾಕಿ ಆಟೋ ತಂದ. ದೊಡ್ಡ ದವಾಖಾನೆಯಲ್ಲಿ ರಕ್ತ ತೆಗೆದರು, ಸಕ್ಕರೆ ನೀರು ಕುಡಿಸಿ ಮತ್ತೆ ತೆಗೆದರು, ತಲೆಯ ಸ್ಕ್ಯಾನು ಮಾಡಿದರು, ಎದೆಗೆ ಜೆಲ್ಲು ಹಚ್ಚಿ ಪರದೆಯ ಮೇಲೆ ಹೃದಯ ನೋಡಿದರು. ಎರಡು ವಾರ ಓಡಾಟ. ತಾರಾಬಾಯಿ ಎಲ್ಲ ಕಡೆಗೂ ಮಾಸ್ಕ್ ಹಾಕಿಕೊಂಡು ಸೆರಗು ಹೊದ್ದು ಬಂದಳು. ಕೊನೆಗೆ ಡಾಕ್ಟರ್ ಮೇಘಾ ಮಾಸ್ಕ್ ತೆಗೆಯಿರಿ ಎಂದು ಹೇಳಿ, ಮುಖವನ್ನು ಅವಸರವಿಲ್ಲದೆ ನೋಡಿದರು. ಅಷ್ಟು ಹೊತ್ತು ಅವ್ವನ ಮುಖವನ್ನು ಯಾರಾದರೂ ನೋಡಿ ಎಷ್ಟು ವರ್ಷವಾಯಿತೋ ಎಂದು ಸ್ನೇಹಲಳಿಗೆ ಅನಿಸಿತು.

ಕಾಯಿಲೆಗೆ ಆಕ್ರೊಮೆಗಾಲಿ ಎಂದು ಹೆಸರು. ಮಿದುಳಿನ ಬುಡದಲ್ಲಿರುವ ಕಡಲೆ ಕಾಳಿನಷ್ಟು ಗ್ರಂಥಿಯಲ್ಲಿ ಒಂದು ಗಂಟು. ಕ್ಯಾನ್ಸರ್ ಅಲ್ಲ. ಆದರೆ ಮೈ ಬೆಳೆಸುವ ಹಾರ್ಮೋನನ್ನು ಅದು ಬೇಕಿಲ್ಲದ ವಯಸ್ಸಿನಲ್ಲಿ ಸುರಿಯುತ್ತಲೇ ಇದೆ. ಸಾಧಾರಣವಾಗಿ ಮಕ್ಕಳಿಗೆ ಬರುವಂಥದ್ದಲ್ಲ ಎಂದೂ ಅವರು ಹೇಳಿದರು. ಆ ಮಾತಿಗೆ ಸ್ನೇಹಲ ನೆಲ ನೋಡಿದಳು.

"ಕೈ, ಕಾಲು, ಮುಖ ಬೆಳದದ್ದು ನಿಮಗ ಕಾಣತದ," ಎಂದರು ಡಾಕ್ಟರ್. "ಹೃದಯನೂ ಹಂಗ ಬೆಳದೈತಿ, ಅದು ಕಾಣಂಗಿಲ್ಲ. ಗ್ವಾಡಿ ದಪ್ಪ ಆಗ್ಯಾವು. ರಾತ್ರಿ ಉಸಿರು ಕಟ್ಟತದ, ಬೀಪಿ ಇಳೀವಲ್ದು, ಸಕ್ಕರಿನೂ ಶುರು ಆಗೈತಿ. ಈ ಕಾಯಿಲೆದಾಗ ಮಂದಿ ಜೀವ ಹೋಗೂದು ಬಹಳ ಸಲ ಹೃದಯದಿಂದನ. ಇನ್ನ ತಡಾ ಮಾಡಬ್ಯಾಡ್ರಿ."

ಮೊದಲು ತಿಂಗಳಿಗೊಂದು ಇಂಜೆಕ್ಷನ್, ಹೃದಯಕ್ಕೆ ಸ್ವಲ್ಪ ಸಮಾಧಾನ. ಆಮೇಲೆ ಮೂಗಿನ ಮೂಲಕ ಗಂಟು ತೆಗೆಯುವ ಆಪರೇಶನ್. ಹಾರ್ಮೋನು ಹತೋಟಿಗೆ ಬಂದರೆ ಹೃದಯ ಸುಧಾರಿಸುವ ಆಸೆಯಿದೆ, ಎಲುಬು ಮಾತ್ರ ಹಿಂದಕ್ಕೆ ಹೋಗುವುದಿಲ್ಲ. ಇದು ಎಂದಿನಿಂದ ಶುರುವಾಗಿದೆ, ಹೃದಯ ಎಷ್ಟು ವರ್ಷ ಈ ಭಾರ ಹೊತ್ತಿದೆ ಎಂದು ಅಂದಾಜು ಮಾಡಲು ಹಳೆಯ ಫೋಟೋ ಬೇಕು. ವರ್ಷಕ್ಕೊಂದು ಇದ್ದರೂ ಸಾಕು ಎಂದರು.

ಸ್ನೇಹಲ ಫೋನು ತೆಗೆದಳು. ಎರಡು ಸಾವಿರ ಫೋಟೋ ಇದ್ದವು. ಖಾನಾಪುರಕ್ಕೆ ಕಳಿಸಿದ ಆ ಒಂಬತ್ತು ವರ್ಷ ಹಳೆಯದಾದ ಮೇಲೆ ಅವ್ವನ ಮುಖವಿರುವುದು ಒಂದೂ ಇರಲಿಲ್ಲ. ಅರ್ಧದಷ್ಟು ಫೋಟೋ ಅವ್ವನೇ ತೆಗೆದದ್ದು; ನೀವು ನಿಂದರ್ರಿ, ನಾ ಹೊಡೀತೀನಿ ಎಂದು ಆಕೆ ಫೋನು ಇಸಿದುಕೊಳ್ಳುತ್ತಿದ್ದಳು. ಯಾರಾದರೂ ಒತ್ತಾಯ ಮಾಡಿ ಆಕೆಯನ್ನೂ ನಿಲ್ಲಿಸಿದರೆ, ಆಕೆ ಅಂಚಿಗೆ, ಸ್ನೇಹಲಳ ಬದಿಗೆ ನಿಂತು ಹೆಗಲ ಮೇಲೆ ಒಂದು ಕೈ ಇಡುತ್ತಿದ್ದಳು. ಆ ಫೋಟೋಗಳನ್ನು ಸ್ಟೇಟಸ್ಸಿಗೆ ಹಾಕುವ ಮೊದಲು ಸ್ನೇಹಲ ಬಲಗಡೆ ಕತ್ತರಿಸಿ, ಮೂಲ ಫೋಟೋ ಅಳಿಸಿಬಿಡುತ್ತಿದ್ದಳು. ಮುಖ ಹೋಗುತ್ತಿತ್ತು. ಹೆಗಲ ಮೇಲಿನ ಕೈ ಕತ್ತರಿಸಲು ಬರುತ್ತಿರಲಿಲ್ಲ. ಪದವಿ ಪಡೆದ ದಿನದ ಫೋಟೋ ನೋಡಿ ಗೆಳತಿಯೊಬ್ಬಳು ಇದು ನಿಮ್ಮಪ್ಪನ ಕೈ ಏನೇ ಎಂದು ಕೇಳಿದಾಗ, ಹೌದು ಎಂದು ಬರೆದು ಕಳಿಸಿದ್ದಳು.

ಡಾಕ್ಟರ್ ಮೇಘಾ ಫೋನು ತಮ್ಮ ಕಡೆ ತಿರುಗಿಸಿಕೊಂಡು ಒಂದೊಂದೇ ಸರಿಸಿದರು. ಸುಯಶನ ಹುಟ್ಟುಹಬ್ಬ. ಹೆಗಲ ಮೇಲೆ ಕೈ. ಕಾಕಾನ ಮನೆಯ ಪೂಜೆ. ಹೆಗಲ ಮೇಲೆ ಕೈ.

"ಕೈ ಇದ್ರೂ ನಡೀತದ, ವರ್ಷದಿಂದ ವರ್ಷಕ್ಕ ಹ್ಯಾಂಗ ಬೆಳದೈತಿ ಗೊತ್ತಾಗತದ," ಎಂದರು. ಆಮೇಲೆ ಕೇಳಿದರು, "ಮುಖ ಯಾಕ ಒಂದರಾಗೂ ಇಲ್ಲ?"

ಸ್ನೇಹಲ ಫೋನು ಹಿಂದಕ್ಕೆ ಇಸಿದುಕೊಂಡಳು. ಅಷ್ಟರಲ್ಲಿ ಪಕ್ಕದ ಕುರ್ಚಿಯಿಂದ ದಪ್ಪ ದನಿ ಬಂತು.

"ನನಗ ಫೋಟೋ ಅಂದ್ರ ಸೇರಂಗಿಲ್ರಿ ಬಾಯಿ. ಹೊಡಿಯೂ ಮುಂದ ನಾನ ಸರದ ನಿಂದರತೀನಿ."

ಆ ಸಂಜೆ ಊಟಕ್ಕೆ ಕೂತಾಗ ಮನೆಯಲ್ಲಿ ಜಗಳ ಹತ್ತಿತು. ಭೀಮಗೊಂಡನದು ಒಂದೇ ಹಟ. ಇಂಜೆಕ್ಷನ್ ಸುಮ್ಮನೆ ಮಾಡಿಸೋಣ, ಸಾಖರಪುಡಾ ಆಗಲಿ, ವೈಶಾಖದಲ್ಲಿ ಮದುವೆ ಆಗಲಿ, ಆಪರೇಶನ್ ಆಮೇಲೆ. ಈಗ ಮುಂದೂಡಿದರೆ ಕಾರಣ ಹೇಳಬೇಕು, ಕಾರಣ ಹೇಳಿದರೆ ಶಿಖರಜಿಯ ಬಂಡವಾಳ ಬಯಲಾಗುತ್ತದೆ, ಬಯಲಾದರೆ ಬೆಳಗಾವಿಯ ಸಮಾಜದಲ್ಲಿ ತಲೆ ಎತ್ತುವ ಹಾಗಿಲ್ಲ. ತಾರಾಬಾಯಿಯೂ ಗಂಡನ ಮಾತಿಗೇ ತಲೆಯಾಡಿಸಿದಳು. ಮಗಳ ಮದುವೆಗಿಂತ ನನ್ನದು ದೊಡ್ಡದೇನು ಎಂದಳು.

ಸುಯಶ ತಾಟು ದೂಡಿದ. "ಸಾಖರಪುಡಾದಾಗ ಪದ್ಮಶ್ರೀಬಾಯಾರು ಅವ್ವನ ಕಾಲಿಗೆ ಬೀಳಾಕ ಬರತಾರ. ಆ ಬೆಟ್ಟ ಹ್ಯಾಂಗ ಹತ್ತಿದ್ರಿ ಅಂತ ಕೇಳತಾರ. ಏನ ಹೇಳಸ್ತೀ?"

"ಮಾಸ್ಕ್ ಹಾಕಸೂಣು," ಎಂದ ಭೀಮಗೊಂಡ. "ನೆಗಡಿ ಆಗೈತಿ, ದನಿ ಬಿದ್ದೈತಿ ಅಂತ ಹೇಳೂಣು."

ತಾರಾಬಾಯಿ ರೊಟ್ಟಿಯ ಬುಟ್ಟಿ ಕೆಳಗಿಟ್ಟಳು. ಈ ಮನೆಯಲ್ಲಿ ಆಕೆ ಗಟ್ಟಿಯಾಗಿ ಒಲ್ಲೆ ಎಂದದ್ದನ್ನು ಸ್ನೇಹಲಳಿಗೆ ತಿಳಿದ ಮಟ್ಟಿಗೆ ಯಾರೂ ಕೇಳಿರಲಿಲ್ಲ.

"ಒಳಗ ಕುಂದ್ರು ಅಂದ್ರಿ, ಕುಂತೆ. ಮದವಿ ದಿನಾ ಕುಂದ್ರು ಅಂದ್ರೂ ಕುಂದರತೀನಿ. ಆದ್ರ ನಾ ಮಾಡದ ಯಾತ್ರಾಕ್ಕ ಉಡಿ ತುಂಬಿಸ್ಕೊಳ್ಳಾಂಗಿಲ್ಲ. ಅಷ್ಟ ಮಾತ್ರ ನನ್ನ ಕೈಲೆ ಆಗಂಗಿಲ್ಲ."

ಹೇಳಿ ಮುಗಿಸುವಷ್ಟರಲ್ಲಿ ಉಸಿರು ಸಾಲದೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅವಳ ಜೀವಮಾನದ ಆಸೆ ಶಿಖರಜಿ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮಕ್ಕಳ ಓದು, ಅತ್ತೆಯ ಕಾಯಿಲೆ ಎಂದು ಮೂರು ಸಲ ತಪ್ಪಿತ್ತು. ಈಗ ಎಂಟು ಮೆಟ್ಟಿಲು ಹತ್ತುವ ಶಕ್ತಿಯಿಲ್ಲ. ಆಕೆಯ ಆಸೆಯನ್ನೇ ಒಯ್ದು ನಾವು ಆಕೆಯನ್ನು ಮುಚ್ಚುವ ಬಟ್ಟೆ ಮಾಡಿದ್ದೆವು ಎಂದು ಸ್ನೇಹಲಳಿಗೆ ಆಗ ತಿಳಿಯಿತು.

ಶನಿವಾರ ಶಾಲೆ ಅರ್ಧ ದಿನ. ಸ್ನೇಹಲ ಮನೆಗೆ ಹೇಳದೆ ಖಾನಾಪುರದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತು ಕೂಡಿಸಿಕೊಂಡಳು. ಎಲ್ಲದರಲ್ಲೂ ಗಂಗಾದೇವಿ ಅತ್ತೆ ಹೇಳಿದಳು, ಅಪ್ಪ ಹೇಳಿದ ಎಂದೇ ಬರುತ್ತಿತ್ತು.

ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಪದ್ಮಶ್ರೀಬಾಯಿ ಕೆಲಸದವಳ ಜೊತೆ ಮರಾಠಿಯಲ್ಲಿ ಮಾತಾಡುತ್ತ ಅಕ್ಕಿ ಆರಿಸುತ್ತಿದ್ದರು. ಒಬ್ಬಳೇ ಬಂದ ಸೊಸೆಯಾಗುವವಳನ್ನು ನೋಡಿ ಗಾಬರಿಯಾದರೂ ತೋರಿಸಿಕೊಳ್ಳಲಿಲ್ಲ. ಅವಲಕ್ಕಿ ಕೊಟ್ಟರು. ಒಳಗಿನಿಂದ ಹಸಿರು ಇಳಕಲ್ಲ ಸೀರೆ ತಂದು ತೊಡೆಯ ಮೇಲೆ ಬಿಡಿಸಿದರು. ನಿಮ್ಮವ್ವನ ಉಡಿಗೆ ತಂದದ್ದು, ಬಣ್ಣ ಒಪ್ಪುತ್ತದೋ ನೋಡು ಎಂದರು.

"ಅವ್ವ ಶಿಖರಜಿಗೆ ಹೋಗಿರಲಿಲ್ರಿ," ಎಂದಳು ಸ್ನೇಹಲ. "ಅವತ್ತ ಮನ್ಯಾಗ ಇದ್ದಳು. ನೀವು ಕೈ ತೊಳಿಯೂ ಮುಂದ ಉಸರಾಟ ಕೇಳಿದ್ರಲ್ಲ, ಅದು ಅವ್ವಂದು. ಚಿಲಕ ಹಾಕಿದಾಕಿ ನಾನು."

ಪದ್ಮಶ್ರೀಬಾಯಿಯ ಕೈ ಸೀರೆಯ ಮೇಲೆ ನಿಂತಿತು. "ಯಾಕ?"

"ಮುಖ ನೋಡಿದ್ರ ನೀವು ಒಲ್ಲೆ ಅಂತೀರಿ ಅಂತ. ಯಾರೂ ನನಗ ಹೇಳಿ ಕೊಟ್ಟಿಲ್ರಿ. ನಾನ ಮೊದಲ ಅಂದದ್ದು."

ಕಾಯಿಲೆಯ ಸುದ್ದಿ ಹೇಳಿದಳು, ಹೃದಯದ ಸುದ್ದಿ ಹೇಳಿದಳು, ಆಪರೇಶನ್ ಆಗುವವರೆಗೆ ಮದುವೆಯ ಮಾತು ಬೇಡವೆಂದಳು. ಪದ್ಮಶ್ರೀಬಾಯಿ ಈಚಿನ ಫೋಟೋ ಇದ್ದರೆ ತೋರಿಸು ಎಂದರು. ಸ್ನೇಹಲ ಪದವಿಯ ದಿನದ ಫೋಟೋ ತೆಗೆದು ಕೊಟ್ಟಳು. ಅವರು ಕನ್ನಡಕ ಏರಿಸಿ ನೋಡಿದರು.

"ಇದರಾಗ ಎಲ್ಲಿ ಅದಾರ?"

ಸ್ನೇಹಲ ಹೆಗಲ ಮೇಲಿನ ಕೈ ತೋರಿಸಿದಳು.

ಪದ್ಮಶ್ರೀಬಾಯಿ ಫೋನು ಹಿಂದಕ್ಕೆ ಕೊಟ್ಟರು. ಆಮೇಲೆ ಸೀರೆಯನ್ನು ಮೊದಲಿನ ಮಡಿಕೆಯಲ್ಲೇ ಮಡಿಚತೊಡಗಿದರು. "ಮುಖದ್ದು ನನಗ ಹೇಳಬ್ಯಾಡ. ನಾ ಆಕಿ ಹೆಸರಿಲೆ ದಿನಾ ಬಸದಿಯೊಳಗ ಕೈ ಮುಗದೀನಿ, ಸುಖರೂಪ ಇಳದು ಬರ್ಲಿ ಅಂತ. ತೀರ್ಥದ ಹೆಸರಿಲೆ ಸುಳ್ಳ ಹೇಳಿದ್ರಿ, ಅದು ನನಗ ಭಾಳ ಹತ್ತೈತಿ. ಮನಿಯವರಿಗೆ ಹೇಳಬೇಕಾಕ್ಕತಿ. ಅವರು ಏನ ಅಂತಾರ ನನಗ ಗೊತ್ತಿಲ್ಲ." ಸೀರೆಯನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದರು. ಹೊರಡುವಾಗ ಬಾಗಿಲ ತನಕ ಬರಲಿಲ್ಲ.

ಸೋಮವಾರ ಚೇತನನ ತಂದೆಯ ಫೋನು ಬಂತು. ಸಾಖರಪುಡಾ ಸದ್ಯಕ್ಕೆ ಬೇಡ, ಅಷ್ಟೇ ಮಾತು. ನಿನ್ನ ಕೈಯಾರೆ ನಿನ್ನ ಮದುವೆ ಮುರಿದುಕೊಂಡೆ ಎಂದು ಭೀಮಗೊಂಡ ಮಗಳ ಮೇಲೆ ಹರಿಹಾಯ್ದ. ಗಂಗಾದೇವಿ ನಾಲ್ಕು ದಿನ ಈ ಕಡೆ ಹಾಯಲಿಲ್ಲ. ಚೇತನ ಒಂದು ಸಲ ಫೋನು ಮಾಡಿ, ಅವ್ವಾರ ಆಪರೇಶನ್ ಯಾವಾಗ ಎಂದು ಕೇಳಿದ. ಇನ್ನೂ ದಿನ ಗೊತ್ತಾಗಿಲ್ಲ ಎಂದಳು ಸ್ನೇಹಲ. ಅವನು ಆಯಿತು ಎಂದು ಫೋನು ಇಟ್ಟ.

ಇಂಜೆಕ್ಷನ್ ಶುರುವಾದವು. ಸ್ನೇಹಲ ಶಾಲೆಯಿಂದ ಬಂದು ರೊಟ್ಟಿ ಬಡಿಯತೊಡಗಿದಳು. ಅವು ಅಂಗೈಯಗಲವೂ ಆಗದೆ ಹರಿಯುತ್ತಿದ್ದವು. ಭೀಮಗೊಂಡ ಅವನ್ನೇ ಐದು ತಿಂದು ಬೈಯುತ್ತಿದ್ದ. ಆದರೆ ತಿಂಗಳಿಗೊಮ್ಮೆ ಹೆಂಡತಿಯ ಜೊತೆ ದವಾಖಾನೆಯ ಬೆಂಚಿನ ಮೇಲೆ ಅವನೇ ಕೂರತೊಡಗಿದ. ಮಂದಿ ನೋಡಿದರೆ ತಾನೂ ಅವರನ್ನು ದಿಟ್ಟಿಸಿ ನೋಡುತ್ತಿದ್ದನಂತೆ. ಮೂರು ತಿಂಗಳಿಗೆ ಬೀಪಿ ಮೊದಲ ಸಲ ಇಳಿಯಿತು. ಎಪ್ರಿಲ್ಲಿನಲ್ಲಿ ಆಪರೇಶನ್ನಿಗೆ ದಿನ ಕೊಟ್ಟರು.

ದವಾಖಾನೆಗೆ ಸೇರುವ ಹಿಂದಿನ ರವಿವಾರ, ಬೆಳಗಿನ ಹತ್ತಕ್ಕೆ, ಪದ್ಮಶ್ರೀಬಾಯಿ ಒಬ್ಬರೇ ಬಂದರು. ಕೈಯಲ್ಲಿ ಚೀಲ. ಪಡಸಾಲೆಯಲ್ಲಿ ಕೂತಿದ್ದ ತಾರಾಬಾಯಿ ಅವರನ್ನು ಕಂಡದ್ದೇ ಸೆರಗು ಎಳೆದುಕೊಂಡು ಒಳಗೆ ಹೋಗಲು ಎದ್ದಳು.

"ಎಲ್ಲಿ ಹೊಂಟ್ರಿ? ಕುಂದರ್ರಿ," ಎಂದರು ಪದ್ಮಶ್ರೀಬಾಯಿ. "ಮದವಿ ಮಾತಿಗೆ ಬಂದಿಲ್ಲ ನಾ. ದವಾಖಾನಿಗೆ ಹೊಂಟಾಕಿಗೆ ಉಡಿ ತುಂಬಾಕ ಬಂದೀನಿ. ಇದಕ್ಕರೆ ಹೂಂ ಅಂತೀರೋ ಇಲ್ಲೋ?"

ತಾರಾಬಾಯಿ ಕೂತಳು. ಅಕ್ಕಿ, ಕೊಬ್ಬರಿ ಬಟ್ಟಲು, ಹಸಿರು ಸೀರೆ ಉಡಿಗೆ ಬಿದ್ದವು. ಪದ್ಮಶ್ರೀಬಾಯಿ ಆಕೆಯ ಎರಡೂ ಕೈ ಹಿಡಿದು, ತಿರುವಿ ನೋಡಿ, ಆ ಹೋಳಿಗೆ ಮಾಡಿದ ಕೈ ಇವೇ ಹೌದಲ್ಲ ಎಂದು ಕೇಳಿದರು. ಮದುವೆಯ ವಿಷಯ ಭೀಮಗೊಂಡ ಎತ್ತಲು ಹೋದಾಗ, ಇವರು ಎದ್ದು ಬರಲಿ, ನಾನು ಇವರ ಜೊತೆ ಮಾತಾಡುತ್ತೇನೆ, ನಿಮ್ಮ ಜೊತೆ ಅಲ್ಲ ಎಂದು ಬಾಯಿ ಮುಚ್ಚಿಸಿದರು.

ಸುಯಶ ಫೋನು ತೆಗೆದ. ಆಪರೇಶನ್ನಿಗೆ ಮೊದಲಿನದೊಂದು ಫೋಟೋ ಡಾಕ್ಟರೂ ಕೇಳಿದ್ದರು. ಎಲ್ಲರೂ ಒಟ್ಟಿಗೆ ನಿಲ್ಲಿರಿ ಎಂದ. ತಾರಾಬಾಯಿ ರೂಢಿಯಂತೆ ಫೋನಿಗೆ ಕೈ ಚಾಚಿದಳು, ಅವನು ಕೊಡಲಿಲ್ಲ. ಪದ್ಮಶ್ರೀಬಾಯಿ ನಡುವೆ ಬನ್ನಿ ಎಂದು ಜಾಗ ಬಿಟ್ಟರು. ತಾರಾಬಾಯಿ ಬರಲಿಲ್ಲ. ಸ್ನೇಹಲಳನ್ನು ದಾಟಿ ಹೋಗಿ, ಬಲಗಡೆಯ ಕೊನೆಗೆ ನಿಂತು, ಮಗಳ ಹೆಗಲ ಮೇಲೆ ಕೈ ಇಡಲು ಎತ್ತಿದವಳು ಏನೋ ನೆನಪಾಗಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಇಲ್ಲೇ ಅಂಚಿಗಿ ಇರತೀನಿ ತಮ್ಮಾ, ಹೊಡಿ," ಎಂದಳು, ಪಲ್ಯಕ್ಕೆ ಉಪ್ಪು ಹಾಕಿದ್ದೇನೆ ಎನ್ನುವಷ್ಟು ಸಹಜವಾಗಿ. "ನಡುವ ನಿಂತ್ರ ಆಮ್ಯಾಲೆ ಅಕ್ಕಗ ಕತ್ತರಸಾಕ ತ್ರಾಸ ಆಕ್ಕತಿ."

ಸುಯಶ ಫೋನು ಕೆಳಗಿಳಿಸಿದ. ಭೀಮಗೊಂಡ ಗೋಡೆಯ ಕಡೆ ತಿರುಗಿದ. ಅವ್ವನಿಗೆ ಗೊತ್ತಿತ್ತು. ಅಷ್ಟು ವರ್ಷ, ಒಂದೊಂದು ಫೋಟೋದಲ್ಲೂ ಗೊತ್ತಿತ್ತು. ಗೊತ್ತಿದ್ದೇ ಮಗಳಿಗೆ ಅನುಕೂಲವಾಗುವ ಜಾಗ ನೋಡಿ ನಿಂತಿದ್ದಳು. ಸ್ನೇಹಲಳಿಗೆ ಯಾರ ಮುಖ ನೋಡಲೂ ಆಗಲಿಲ್ಲ. ಅವಳು ಸೆರಗಿನೊಳಗಿನಿಂದ ಆ ಕೈಯನ್ನು ಹೊರಗೆಳೆದು ತನ್ನ ಹೆಗಲ ಮೇಲೆ ಇಟ್ಟುಕೊಂಡಳು. ಆಮೇಲೆ ಅವ್ವನನ್ನು ಸುತ್ತಿ ಬಂದು, ಗೋಡೆಗೂ ಅವ್ವನಿಗೂ ನಡುವೆ ಇದ್ದ ಒಂದು ಮೊಳ ಜಾಗದಲ್ಲಿ, ಎಲ್ಲರಿಗಿಂತ ಕೊನೆಗೆ ನಿಂತಳು.

"ಈಗ ಹೊಡಿ," ಎಂದಳು ತಮ್ಮನಿಗೆ.

ಇನ್ನು ಆ ಕಡೆಯಿಂದ ಕತ್ತರಿಸುವುದಾದರೆ ಮೊದಲು ಅವಳೇ ಹೋಗಬೇಕಾಗಿತ್ತು.